ಮೆಟಾಲ್ ಇಲ್ಲದ ಬಾಟಲಿ

4-6-1983

ನಾದಿನಿಗೆ,

ಎರಡು ವರ್ಷದಿಂದ ಒಂದು ಸಾಲೂ ಬರೆಯದ ಅತ್ತಿಗೆ ಈಗ ಇದ್ದಕ್ಕಿದ್ದ ಹಾಗೆ ಬರೆದರೆ, ಇವಳಿಗೆ ಏನೋ ಕೆಲಸ ಆಗಬೇಕಿದೆ ಎಂದೇ ನೀನು ತಿಳಿಯುತ್ತೀಯ. ನಿಜ, ಕೆಲಸ ಆಗಬೇಕಿದೆ. ಸುತ್ತಿ ಬಳಸಿ ಹೇಳಿದರೆ ನಿನಗೆ ರೇಗುತ್ತದೆಂದು ಗೊತ್ತು, ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ.

ನಿನ್ನಣ್ಣನ ಕೈ ಕೆಟ್ಟಿದೆ. ಬೆರಳ ಸಂದಿಗಳಲ್ಲಿ ನೀರುಗುಳ್ಳೆ ಎದ್ದು, ಒಡೆದು, ಒಣಗಿ ಮತ್ತೆ ಏಳುತ್ತವೆ. ಹೆಬ್ಬೆರಳ ಬುಡದಲ್ಲಿ ಚರ್ಮ ಸೀಳಿದೆ. ಅಂಗಿಯ ಗುಂಡಿ ನಾನು ಹಾಕಿಕೊಡುತ್ತೇನೆ. ಗಿರಾಕಿಗಳ ಎದುರು ಕೈ ಜೇಬಿನಲ್ಲೇ ಇರುತ್ತದೆ. ಮೊನ್ನೆ ಪಾಸ್‌ಪೋರ್ಟ್ ಫೋಟೋಗೆ ಕೂತಿದ್ದ ಒಬ್ಬ ಹೆಂಗಸು, "ಏನ್ರೀ, ನೀವು ಕೈ ಹೊರಗೆ ತೆಗೆದ್ರೆ ತಾನೆ ಫೋಟೋ ತೆಗೆಯೋಕಾಗೋದು" ಎಂದು ನಕ್ಕಳು. ಇವರೂ ನಕ್ಕರು. ಒಳಗೆ ಬಂದು ಗೋಡೆಗೆ ಒರಗಿ ಸ್ವಲ್ಪ ಹೊತ್ತು ನಿಂತರು.

ಚರ್ಮದ ಡಾಕ್ಟರು ಫಿಲ್ಮ್ ತೊಳೆಯುವ ಡೆವಲಪರಿಗೆ ಏನೇನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮೆಟಾಲ್ ಪುಡಿ ಎಂದ ಕೂಡಲೇ ಕೈ ಅಡ್ಡ ಹಿಡಿದರು. "ಇದನ್ನ ಬಿಡಿ, ಇಲ್ಲಾ ಕೆಲಸ ಬಿಡಿ. ಹೀಗೇ ಮುಂದುವರಿಸಿದ್ರೆ ಕೈ ಉಪಯೋಗಕ್ಕೆ ಬರಲ್ಲ," ಅಂದರು. ದಾರಿಯುದ್ದಕ್ಕೂ ನಿನ್ನಣ್ಣನದು ಒಂದೇ ಮಾತು. "ಇಷ್ಟು ವರ್ಷ ಸುಮ್ಮನಿದ್ದ ಮೆಟಾಲ್‌ಗೆ ಈಗ ಬುದ್ಧಿ ಕೆಡ್ತಾ? ಆ ಡಾಕ್ಟರ್‌ಗೆ ಏನು ಗೊತ್ತು, ಅವರು ಯಾವತ್ತಾದ್ರೂ ಒಂದು ಫಿಲ್ಮ್ ತೊಳೆದಿದ್ದಾರಾ?"

ಅವರು ಫಿಲ್ಮ್ ತೊಳೆಯುವ ರೀತಿ ನಿನಗೆ ಗೊತ್ತಿದ್ದದ್ದೇ. ಈಗಲೂ ಅದೇ. ಕತ್ತಲೆಯಲ್ಲಿ ಫಿಲ್ಮಿನ ಎರಡು ತುದಿ ಬರಿಗೈಯಲ್ಲಿ ಹಿಡಿದು ಡೆವಲಪರಿನ ಬೋಗುಣಿಯೊಳಗೆ ಮೇಲಕ್ಕೂ ಕೆಳಕ್ಕೂ ಎಳೆಯುತ್ತಾರೆ. ಕೈ ಅದ್ದದೆ ಫಿಲ್ಮ್ ತೊಳೆಯುವ ಮುಚ್ಚಳದ ಡಬ್ಬಿ ತಂದುಕೊಟ್ಟೆ, ಅದು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ. ರಬ್ಬರಿನ ಕೈಗವಸು ತಂದುಕೊಟ್ಟೆ. "ಕೈಗವಸು ಹಾಕ್ಕೊಂಡು ಮಗು ಕೆನ್ನೆ ಸವರ್ತಾರಾ? ಫಿಲ್ಮ್ ಯಾವಾಗ ಆಯ್ತು ಅಂತ ಬೆರಳಿಗೆ ಗೊತ್ತಾಗಬೇಕು," ಅಂದರು. ಡೆವಲಪರ್ ಕಲೆಸುವ ಕೆಲಸವನ್ನು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಾರೆ, ಅದೂ ನಾನು ಎರಡು ದಿನ ಮಾತು ಬಿಟ್ಟ ಮೇಲೆ.

ಕಲೆಸುವವಳು ನಾನೇ ಆದದ್ದರಿಂದ ಈ ಯೋಚನೆ ಬಂತು. ಮೆಟಾಲ್ ಬದಲಿಗೆ ಬೇರೇನಾದರೂ ಹಾಕಲು ಬರುತ್ತದೆಯೇ? ಅವರಿಗೆ ಗೊತ್ತಾಗಬಾರದು. ಬಣ್ಣ, ವಾಸನೆ, ಬೆರಳಿಗೆ ಸಿಗುವ ಜಾರು ಎಲ್ಲ ಹಿಂದಿನ ಹಾಗೆಯೇ ಇರಬೇಕು. ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಇಡೀ ದಿನ ಪುಡಿಗಳ ಜೊತೆ ಇರುವವಳು ನೀನು, ನಿನಗಲ್ಲದೆ ಇನ್ಯಾರಿಗೆ ಕೇಳಲಿ. ಕೆಲಸ ಬಿಡಿಸಿದರೆ ಇವರು ಬದುಕುವುದಿಲ್ಲ, ಕೆಲಸ ಮಾಡಿಸಿದರೆ ಕೈ ಉಳಿಯುವುದಿಲ್ಲ. ನನಗೆ ಹೆದರಿಕೆಯಾಗಿದೆ.

ಟಪಾಲಿನವನು ಬರುವ ಹೊತ್ತಿಗೆ ಇವರು ಕತ್ತಲೆ ಕೋಣೆಯಲ್ಲಿರುತ್ತಾರೆ, ಧೈರ್ಯವಾಗಿ ಬರೆ. ನಿನ್ನಣ್ಣ ಆಗಾಗ ನಿನ್ನ ಮಾತು ತೆಗೆಯುತ್ತಿರುತ್ತಾರೆ.

ನಿನ್ನ ಅತ್ತಿಗೆ


10-6-1983

ಅತ್ತಿಗೆಯವರಿಗೆ,

ಪತ್ರ ನಿನ್ನೆ ಬಂತು. ಕೇಳಿದ್ದಕ್ಕೆ ಉತ್ತರ ಇಲ್ಲಿದೆ.

ಅಣ್ಣ ಒಂದು ಲೀಟರಿಗೆ ಎರಡು ಗ್ರಾಂ ಮೆಟಾಲ್ ಹಾಕುತ್ತಿದ್ದ, ಅಥವಾ ಅವನ ಬೆರಳುಗಳು ಎರಡು ಗ್ರಾಂ ಎಂದು ತಿಳಿದದ್ದನ್ನು ಹಾಕುತ್ತಿದ್ದ. ಅದರ ಬದಲಿಗೆ ಫೆನಿಡೋನ್ ಎಂಬ ಪುಡಿ ಹಾಕಬಹುದು. ಮೆಟಾಲ್‌ಗಿಂತ ಬಹಳ ಚುರುಕಾದ ಪುಡಿಯಾದ್ದರಿಂದ ಹತ್ತರಲ್ಲೊಂದು ಪಾಲು ಸಾಕು. ಅಷ್ಟು ಕಡಿಮೆ ತೂಕ ನಿಮ್ಮಲ್ಲಿರುವ ತಕ್ಕಡಿಗೆ ಸಿಗುವುದಿಲ್ಲ. ಅದಕ್ಕೇ ಒಂದೊಂದು ಗ್ರಾಂ ತೂಗಿ ಪೊಟ್ಟಣ ಕಟ್ಟಿ ಇದರ ಜೊತೆ ಇಟ್ಟಿದ್ದೇನೆ. ಒಂದು ಪೊಟ್ಟಣವನ್ನು ನೂರು ಎಂ.ಎಲ್. ಸ್ಪಿರಿಟ್‌ನಲ್ಲಿ ಕರಗಿಸಿಟ್ಟುಕೊಳ್ಳಿ. ತಣ್ಣೀರಿನಲ್ಲಿ ಅದು ಸುಲಭಕ್ಕೆ ಕರಗುವುದಿಲ್ಲ. ಒಂದು ಲೀಟರ್ ಡೆವಲಪರಿಗೆ ಆ ಸ್ಪಿರಿಟ್ ಇಪ್ಪತ್ತು ಎಂ.ಎಲ್. ಸಾಕು. ಸಲ್ಫೈಟ್, ಹೈಡ್ರೋಕ್ವಿನೋನ್, ಬೋರಾಕ್ಸ್ ಮೊದಲಿದ್ದಷ್ಟೇ ಇರಲಿ. ಪೊಟ್ಯಾಸಿಯಂ ಬ್ರೋಮೈಡ್ ಅರ್ಧ ಗ್ರಾಂ ಸೇರಿಸಿ, ಇಲ್ಲದಿದ್ದರೆ ಫಿಲ್ಮಿಗೆ ಮಸುಕು ಕವಿಯುತ್ತದೆ.

ಬಿಳಿ ಪುಡಿಗಳೆಲ್ಲ ಕಣ್ಣಿಗೆ ಒಂದೇ. ಬೋರಾಕ್ಸ್ ಮುಗಿದ ದಿನ ಬಟ್ಟೆ ಒಗೆಯುವ ಸೋಡಾ ಹಾಕಿ ಕೆಲಸ ನಡೆಸಲು ಹೋಗಬೇಡಿ. ಅದರ ಕ್ಷಾರ ತುಂಬ ಜೋರು, ಫಿಲ್ಮ್ ಕಪ್ಪಗೆ ಕೂತುಬಿಡುತ್ತದೆ.

ಪ್ರತಿ ರೋಲಿನ ತುದಿಯಲ್ಲಿ, ಕ್ಯಾಮೆರಾಗೆ ಸಿಕ್ಕಿಸುವಾಗ ಬೆಳಕು ತಿಂದ ಒಂದು ತುಂಡು ಇರುತ್ತದಲ್ಲ, ಅದನ್ನು ಕತ್ತರಿಸಿ ತಾರೀಖು ಬರೆದು ನನಗೆ ಕಳಿಸುತ್ತಿರಿ. ಡೆವಲಪರ್ ಹೇಗಿದೆ ಎಂದು ಅದೇ ಹೇಳುತ್ತದೆ.

ಅವನಿಗೆ ಹೇಳಿಯೇ ಮಾಡುವುದು ಒಳ್ಳೆಯದು. ಆದರೆ ಅವನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅವನು ನನ್ನ ಮಾತು ತೆಗೆಯುತ್ತಿರುತ್ತಾನೆ ಎಂದು ಬರೆದಿದ್ದೀರಿ. ಸಮಾಧಾನಕ್ಕೆ ಬರೆಯುವ ಇಂಥ ಸಾಲುಗಳಿಂದ ಪತ್ರದ ತೂಕ ಹೆಚ್ಚಾಗುತ್ತದೆ, ಅಷ್ಟೆ.

ಇಂತು,
ನಾದಿನಿ


28-6-1983

ನಾದಿನಿಗೆ,

ನಿನ್ನ ನಾಲಿಗೆ ಇನ್ನೂ ಹಾಗೇ ಇದೆ ಎಂದು ತಿಳಿದು ಖುಷಿಯಾಯಿತು. ದೂರ ಹೋದವರು ಮೆತ್ತಗಾಗುತ್ತಾರೆ ಎನ್ನುತ್ತಾರೆ, ನೀನು ಆಗಿಲ್ಲ.

ಮೊದಲ ಬಾಟಲಿ ಕಲೆಸಿದ ದಿನ ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಪಕ್ಕದ ಅಂಗಡಿಗೆ ಕೇಳಿಸಿರಬೇಕು. ನೀನು ಹೇಳಿದಂತೆಯೇ ಎಲ್ಲ ಮಾಡಿದೆ, ಬಾಟಲಿಗೆ ಅದೇ ಹಳೆಯ ಚೀಟಿ ಅಂಟಿಸಿದೆ. ನಿನ್ನಣ್ಣ ಬೋಗುಣಿಗೆ ಸುರಿದುಕೊಂಡು ಮೂಗು ಅರಳಿಸಿದರು.

"ಏನಿದು, ಇಂಜೆಕ್ಷನ್ ಕೊಡೋಕ್ ಬಂದ ಹಾಗಿದೆ?"

"ಬಾಟಲಿ ಜಿಡ್ಡು ಹಿಡಿದಿತ್ತು. ಸ್ಪಿರಿಟ್ ಹಾಕಿ ತೊಳೆದೆ."

"ಬಾಟಲಿ ತೊಳೆಯೋಕೆ ಸ್ಪಿರಿಟ್ಟಾ? ನಾಳೆ ಬಚ್ಚಲಿಗೆ ಪನ್ನೀರು ಹಾಕ್ತೀಯ," ಎಂದು ಗೊಣಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಫಿಲ್ಮ್ ಡೆವಲಪರಿನಲ್ಲಿ ಆಡುವ ಸಪ್ಪಳ ಮಾತ್ರ. ಆಮೇಲೆ ತೊಳೆದ ಫಿಲ್ಮನ್ನು ಬಲ್ಬಿಗೆ ಎತ್ತಿ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, "ಹೂಂ," ಅಂದರು. ಅವರ ಹೂಂಗಳಲ್ಲಿ ಹಲವು ತರ ಇವೆ. ಇದು ಯಾವುದು ಎಂದು ನನಗೆ ತಿಳಿಯಲಿಲ್ಲ. "ಸ್ವಲ್ಪ ಮೆತ್ತಗಿದೆ," ಎಂದು ಕ್ಲಿಪ್ಪು ಹಾಕಿ ನೇತುಹಾಕಿದರು. ಅಷ್ಟೆ. ಗೊತ್ತಾಗಿಲ್ಲ. ಆಮೇಲೆ ತೊಳೆದ ರೋಲುಗಳಿಗೂ ಏನೂ ಅನ್ನಲಿಲ್ಲ.

ತುಂಡುಗಳನ್ನು ಇಟ್ಟಿದ್ದೇನೆ. ಒಂದು ಮಾತು ಕೇಳಲೇ? ಪತ್ರ ಮುಟ್ಟಿದ ಮಾರನೇ ದಿನವೇ ನೀನು ಉತ್ತರ ಬರೆದೆ, ಪೊಟ್ಟಣ ಸಹಿತ. ಫೆನಿಡೋನ್ ನಿಮ್ಮ ಬಣ್ಣದ ಕಾರ್ಖಾನೆಯಲ್ಲೂ ಬಳಕೆಯಾಗುತ್ತದೆಯೇ? ಮೊದಲೇ ಸಿದ್ಧವಾಗಿ ಕೂತಿದ್ದವಳ ಹಾಗೆ ಬರೆದಿದ್ದೀಯ.

ನಿನ್ನ ಅತ್ತಿಗೆ


6-7-1983

ಅತ್ತಿಗೆಯವರಿಗೆ,

ತುಂಡುಗಳು ಬಂದವು. ಅವನ್ನು ನ್ಯೂಸ್ ಪೇಪರಿನ ಮೇಲಿಟ್ಟು ಕಿಟಕಿಯ ಬಳಿ ನೋಡಿದೆ. ಕಪ್ಪಿನ ಅಡಿಯಲ್ಲಿ ಅಕ್ಷರಗಳು ಇವೆಯೋ ಇಲ್ಲವೋ ಎನ್ನುವಷ್ಟು ಕಾಣುತ್ತವೆ. ಹಾಗೆಯೇ ಇರಬೇಕು. ಇನ್ನು ಮುಂದೆ ನೀವೂ ಮನೆಯಲ್ಲಿ ಇದೇ ಪರೀಕ್ಷೆ ಮಾಡಬಹುದು.

ಮೆತ್ತಗಿದೆ ಎಂದು ಅಣ್ಣ ಅಂದದ್ದು ಅವನ ಅಭ್ಯಾಸದ ಮಾತು. ಅವನ ಫಿಲ್ಮುಗಳು ಮೊದಲಿನಿಂದಲೂ ಗಡುಸು. ಬಿಳಿ ಅಂಗಿ ಹಾಕಿದವರನ್ನು ಅವನು ತೆಗೆದರೆ ಅಂಗಿಯ ಮಡಿಕೆ ಯಾವತ್ತೂ ಕಾಣುತ್ತಿರಲಿಲ್ಲ, ಸುಣ್ಣ ಬಳಿದ ಹಾಗೆ ಬರುತ್ತಿತ್ತು. ಈಗ ಕಾಣುತ್ತಿರಬೇಕು. ನೋಡಿ.

ಕೈ ಇಷ್ಟಕ್ಕೇ ವಾಸಿಯಾಗುವುದಿಲ್ಲ. ಬೋಗುಣಿ, ಕ್ಲಿಪ್ಪುಗಳು, ಕೈ ಒರೆಸುವ ಬಟ್ಟೆ, ಬಾಗಿಲ ಹಿಡಿ, ಎಲ್ಲವನ್ನೂ ಬಿಸಿನೀರಿನಲ್ಲಿ ತಿಕ್ಕಿ ತೊಳೆಯಿರಿ. ಹಳೆಯ ಬಟ್ಟೆಯಾದರೆ ಸುಟ್ಟುಬಿಡಿ. ಒಮ್ಮೆ ಮೆಟಾಲ್‌ಗೆ ಸಿಟ್ಟಾದ ಚರ್ಮ ಅದರ ಒಂದು ಕಣ ಕಂಡರೂ ಮತ್ತೆ ಸಿಟ್ಟಾಗುತ್ತದೆ. ಮೆಟಾಲ್ ಡಬ್ಬಿ ಮನೆಯಲ್ಲೇ ಇರಕೂಡದು. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಫೆನಿಡೋನ್ ವಿಷಯ ಕೇಳಿದ್ದೀರಿ. ಪುಸ್ತಕಗಳಲ್ಲಿದೆ.

ಇಂತು,
ನಾದಿನಿ


24-7-1983

ನಾದಿನಿಗೆ,

ಇವತ್ತು ಬೆಳಿಗ್ಗೆ ನಿನ್ನಣ್ಣ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ನಾನು ಒಲೆಯ ಮುಂದಿದ್ದೆ, ಕರೆಯುತ್ತಾರೆ ಎಂದು ಕಾದೆ, ಕರೆಯಲಿಲ್ಲ. ಹೋಗಿ ನೋಡಿದರೆ ಕಾಲರಿನ ಗುಂಡಿಯೂ ಸೇರಿ ಎಲ್ಲ ಹಾಕಿಕೊಂಡು ಕನ್ನಡಿ ಮುಂದೆ ತಲೆ ಬಾಚುತ್ತಿದ್ದರು. ಬೆರಳ ಸಂದಿ ಒಣಗಿದೆ, ಹೊಸ ಚರ್ಮ ಬಂದಿದೆ. ನಾನು ಅಡುಗೆಮನೆಗೆ ವಾಪಸು ಬಂದು ಅತ್ತೆ. ಸಂತೋಷಕ್ಕೆ ಅಳುವುದು ನನಗೆ ಅಭ್ಯಾಸವಿಲ್ಲದ್ದರಿಂದ ಬೇಗ ಮುಗಿಯಿತು.

ಕೀರ್ತಿಯೆಲ್ಲ ಔಷಧಿ ಅಂಗಡಿಯವನು ಕೊಟ್ಟ ಮುಲಾಮಿಗೆ ಸೇರಿದೆ. "ನೋಡು, ಆ ಡಾಕ್ಟರ್ ಕೆಲಸಾನೇ ಬಿಡಿ ಅಂದಿದ್ರು. ಒಂದು ಟ್ಯೂಬ್ ಮುಗಿಯೋದ್ರೊಳಗೆ ವಾಸಿ ಆಯ್ತು," ಎಂದು ಬಂದವರಿಗೆಲ್ಲ ಕೈ ತೋರಿಸುತ್ತಿದ್ದಾರೆ. ಜೇಬಿನಿಂದ ಕೈ ಹೊರಗೆ ಬಂದದ್ದೇ ನನಗೆ ಸಾಕು. ಮುಲಾಮು ಬೇಕಾದರೆ ಮೆಡಲ್ ತೆಗೆದುಕೊಳ್ಳಲಿ.

ನೀನು ಹೇಳಿದಂತೆ ಎಲ್ಲ ತಿಕ್ಕಿ ತೊಳೆದಿದ್ದೇನೆ. ಮೆಟಾಲ್ ಡಬ್ಬಿ ಸಾಗಹಾಕಿದ್ದಾಯಿತು. ಅಂಗಿಯ ಮಡಿಕೆಯೂ ನೋಡಿದೆ, ಕಾಣುತ್ತದೆ. ಮುಂದಿನ ತಿಂಗಳು ಶಾಲೆಯ ಎಲ್ಲ ತರಗತಿಗಳ ಗುಂಪು ಚಿತ್ರ ತೆಗೆಯಬೇಕಂತೆ, ಹೆಡ್ ಮಾಸ್ಟರು ಬಂದು ಹೇಳಿಹೋದರು. ಮಕ್ಕಳೆಲ್ಲ ಬಿಳಿ ಅಂಗಿ.

ಕೆಲಸದ ಮಾತು ಮುಗಿಯಿತು, ಇನ್ನು ತಮಾಷೆ. ನಿನ್ನಣ್ಣನ ಬಟ್ಟೆ ಒಗೆಯುವಾಗ ನಿನ್ನ ನೆನಪಾಯಿತು. ನಾನು ಈ ಮನೆಗೆ ಬಂದ ವರ್ಷ, ನೀನು ಹೊರಡುವುದಕ್ಕೆ ಮುಂಚೆ, ಎಂಥ ಸೆಕೆಯಲ್ಲೂ ನೀನು ಉದ್ದ ತೋಳಿನ ಅಂಗಿಯನ್ನೇ ಹಾಕುತ್ತಿದ್ದೆ. ಒಗೆಯಲು ನನ್ನ ಕೈಗೆ ಕೊಡುತ್ತಿರಲಿಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು ಎಷ್ಟೋ ಹೊತ್ತು ಹೊರಗೆ ಬರುತ್ತಿರಲಿಲ್ಲ. ಯಾರೋ ಹುಡುಗ ಇದ್ದಾನೆ, ಉದ್ದ ತೋಳು ಅವನಿಗೆ ಇಷ್ಟ, ಒಳಗೆ ಕೂತು ಅವನ ಪತ್ರ ಓದುತ್ತೀಯ ಎಂದು ನಾನು ಲೆಕ್ಕ ಹಾಕಿದ್ದೆ. ಕಾರ್ಖಾನೆ ಕೆಲಸ ಸಿಕ್ಕಿತೆಂದು ಹೊರಟಾಗಲೂ ಅವನ ಊರಿಗೇ ಹೋಗುತ್ತಿದ್ದೀಯ ಎಂದುಕೊಂಡೆ. ಈಗಲಾದರೂ ಹೇಳಿಬಿಡು, ಯಾರವನು?

ನಿನ್ನ ಅತ್ತಿಗೆ


29-8-1983

ನಾದಿನಿಗೆ,

ಹಿಂದಿನ ಪತ್ರಕ್ಕೆ ನಿನ್ನಿಂದ ಉತ್ತರ ಬರಲಿಲ್ಲ. ಹುಡುಗನ ಮಾತು ತೆಗೆದದ್ದು ನನ್ನದು ಅಧಿಕಪ್ರಸಂಗವಾಯಿತೇನೋ. ಹೊಟ್ಟೆಗೆ ಹಾಕಿಕೋ. ಇದು ಆ ವಿಷಯವಲ್ಲ.

ಕೈ ಮತ್ತೆ ಬಂದಿದೆ. ಮೊದಲಿಗಿಂತ ಜೋರಾಗಿ, ಮಣಿಕಟ್ಟಿನವರೆಗೆ. ಶಾಲೆಯ ಚಿತ್ರಗಳು ಶುರುವಾದ ವಾರವೇ ತುರಿಕೆ ಅಂದರು. ಎರಡನೇ ವಾರ ಗುಳ್ಳೆ. ಈಗ ಲೋಟ ಎತ್ತಲು ಎರಡೂ ಅಂಗೈ ಸೇರಿಸಬೇಕು. ಮುಲಾಮು ಹಚ್ಚಿದರೆ ಉರಿಯುತ್ತದೆಂದು ಟ್ಯೂಬನ್ನು ಕಿಟಕಿಯಿಂದ ಆಚೆ ಎಸೆದರು.

ನಾನು ಅಳತೆ ತಪ್ಪಿಸಿಲ್ಲ. ಇಪ್ಪತ್ತು ಅಂದರೆ ಇಪ್ಪತ್ತೇ ಹಾಕಿದ್ದೇನೆ. ಹಾಗಿದ್ದರೆ ತಪ್ಪು ಎಲ್ಲಿದೆ? ನಿನ್ನ ಫೆನಿಡೋನ್ ಬುದ್ಧಿಯೂ ಮೆಟಾಲ್‌ನದೇ ಇರಬೇಕು. ಮೊದಲು ಒಗ್ಗಿದ ಹಾಗೆ ಮಾಡಿ ಆಮೇಲೆ ಕಚ್ಚುವಂಥದ್ದು. ಹೀಗಾಗಬಹುದು ಎಂದು ನಿನಗೆ ಗೊತ್ತಿದ್ದರೆ ಒಂದು ಮಾತು ಬರೆಯಬಹುದಿತ್ತು. ಪುಸ್ತಕಗಳಲ್ಲಿದೆ ಎಂದು ಬರೆದೆ. ಪುಸ್ತಕಕ್ಕೆ ಕೈ ಇಲ್ಲ, ಗುಳ್ಳೆ ಏಳುವುದಿಲ್ಲ.

ಫಿಲ್ಮೂ ಕೆಟ್ಟಿದೆ. ಬಿಳಿ ಅಂಗಿಗಳೆಲ್ಲ ಮತ್ತೆ ಸುಣ್ಣವಾಗಿವೆ. ಹೆಡ್ ಮಾಸ್ಟರು ಸೌಮ್ಯವಾಗಿಯೇ, "ಮಕ್ಕಳಿಗೆ ಕುತ್ತಿಗೆ ಕೆಳಗೆ ಏನೂ ಇಲ್ವಲ್ಲ," ಅಂದರು. ತುಂಡುಗಳನ್ನು ಇಟ್ಟಿದ್ದೇನೆ, ನೋಡು.

ನಿನ್ನೆ ಊಟ ಮಾಡುತ್ತಾ, "ಮುಂದಿನ ಕೋಣೆ ಕನ್ನಡಕದ ಅಂಗಡಿಯವನು ಬಾಡಿಗೆಗೆ ಕೇಳ್ತಿದ್ದಾನೆ, ಕೊಟ್ಟುಬಿಡೋಣ," ಅಂದರು. ದನಿ ಎತ್ತಲಿಲ್ಲ, ಮುಖ ಗಂಟು ಹಾಕಲಿಲ್ಲ. ಕಿರುಚಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ನಿನಗೆ ಇದೆಲ್ಲ ತಿಳಿಯದು. ಸರಿಯಾದ ಹೊತ್ತಿಗೆ ನೀನು ಕೈ ತೊಳೆದುಕೊಂಡು ಹೊರಟೆ. ಹತ್ತಿರ ಇದ್ದು ನೋಡುವವಳು ನಾನು.

ಅತ್ತಿಗೆ


3-9-1983

ಅತ್ತಿಗೆಯವರಿಗೆ,

ತುಂಡುಗಳನ್ನು ತಾರೀಖಿನ ಪ್ರಕಾರ ಕಿಟಕಿಯ ಗಾಜಿಗೆ ಸಾಲಾಗಿ ಅಂಟಿಸಿದೆ. ಜುಲೈ ಕೊನೆಯವರೆಗಿನವು ಒಂದೇ ಸಮ. ಆಗಸ್ಟಿನವು ಒಂದಕ್ಕಿಂತ ಒಂದು ಕಪ್ಪು. ಕೊನೆಯದರ ಕೆಳಗೆ ನ್ಯೂಸ್ ಪೇಪರಿನ ತಲೆಬರಹವೂ ಕಾಣುವುದಿಲ್ಲ.

ಬಳಸಿದಷ್ಟೂ ಡೆವಲಪರ್ ಸೊರಗಬೇಕು. ನಿಮ್ಮದು ಬಳಸಿದಷ್ಟೂ ಕೊಬ್ಬುತ್ತಿದೆ. ತಾನಾಗಿ ಹಾಗಾಗುವ ಡೆವಲಪರ್ ಇಲ್ಲ. ನೀವು ಕಲೆಸಿಟ್ಟ ಮೇಲೆ ಆ ಬಾಟಲಿಗೆ ಯಾರೋ ಉಣ್ಣಿಸುತ್ತಿದ್ದಾರೆ. ಮೆಟಾಲ್, ಮತ್ತು ಕಪ್ಪು ಇಷ್ಟಿರುವುದರಿಂದ ಒಗೆಯುವ ಸೋಡಾ ಕೂಡ. ಕೈಗೆ ಬಂದಿರುವುದೂ ಅದಕ್ಕೇ. ಆ ಮನೆಯಲ್ಲಿ ನಿಮ್ಮನ್ನು ಬಿಟ್ಟರೆ ಇರುವವನು ಒಬ್ಬನೇ. ಡಬ್ಬಿ ಸಾಗಹಾಕಿದೆ ಎಂದು ಬರೆದಿರಿ. ಎಲ್ಲಿಗೆ ಸಾಗಹಾಕಿದಿರಿ?

ಫೆನಿಡೋನ್ ತಪ್ಪಲ್ಲ ಎಂದು ಇಷ್ಟು ಗಟ್ಟಿಯಾಗಿ ಹೇಗೆ ಹೇಳುತ್ತೇನೆಂದರೆ, ಆರು ವರ್ಷದಿಂದ ನಾನು ಅದರಲ್ಲೇ ಫಿಲ್ಮ್ ತೊಳೆಯುತ್ತಿದ್ದೇನೆ, ಬರಿಗೈಯಲ್ಲಿ. ನನ್ನ ಬಾಡಿಗೆ ಮನೆಯ ಬಚ್ಚಲಿನ ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದೇನೆ. ನಿಮಗೆ ಕಳಿಸಿದ್ದು ನಾನು ನನಗೋಸ್ಕರ ಮಾಡಿಕೊಂಡ ಡೆವಲಪರ್. ಅದಕ್ಕೇ ಮಾರನೇ ದಿನವೇ ಉತ್ತರ ಬಂತು.

ಹುಡುಗ ಯಾರೂ ಇರಲಿಲ್ಲ ಅತ್ತಿಗೆ. ಉದ್ದ ತೋಳಿನ ಒಳಗೆ ಇದ್ದದ್ದು ಅಣ್ಣನ ಜೊತೆ ಫಿಲ್ಮ್ ತೊಳೆದು ಬಂದ ಇದೇ ಗುಳ್ಳೆಗಳು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಣ್ಣೀರಿನಲ್ಲಿ ಕೈ ಮುಳುಗಿಸಿ ಕೂತಿರುತ್ತಿದ್ದೆ. ಶುರುವಾದಾಗ ಅಣ್ಣನಿಗೆ ಹೇಳಬೇಕೆಂದೇ ಹೋಗಿದ್ದೆ. ಅವತ್ತು ಅವನು ಯಾರೋ ಇನ್ನೊಂದು ಸ್ಟುಡಿಯೋದವರ ವಿಷಯ ಮಾತಾಡುತ್ತಾ, "ಈ ಕೆಲಸ ಯಾರಿಗೆ ಒಗ್ಗಲ್ವೋ ಅವರ ಕೈ ಕೆರೆಯುತ್ತೆ. ನಮ್ಮಂಥವರಿಗೆ ಬರಲ್ಲ," ಅಂದ. ನನ್ನ ಕಡೆ ನೋಡಿಯೇ ಅಂದ, ನಮ್ಮಂಥವರು ಎನ್ನುವುದರಲ್ಲಿ ನನ್ನನ್ನೂ ಸೇರಿಸಿ. ಆಮೇಲೆ ಹೇಗೆ ಹೇಳಲಿ. ಕಾರ್ಖಾನೆಯ ಕೆಲಸ ಸಿಕ್ಕಿತು, ಹೊರಟೆ. ಡೆವಲಪರ್ ವಾಸನೆ ಸಾಕಾಯಿತು ಅಂದೆ. ಅವನು ನಂಬಿದ, ಅವತ್ತಿನಿಂದ ಮಾತು ಬಿಟ್ಟ.

ಒಗ್ಗುವುದು ಒಗ್ಗದಿರುವುದು ಏನೂ ಇಲ್ಲ. ಯಾರ ಚರ್ಮಕ್ಕೂ ಯಾವಾಗ ಬೇಕಾದರೂ ಬರಬಹುದು. ಇದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ಕೈ ತೊಳೆದುಕೊಂಡು ಹೊರಟೆ ಎಂದು ಬರೆದಿರಿ. ಆ ಮಾತಿನಿಂದ ನೋವಾಯಿತು. ಇದನ್ನೆಲ್ಲ ಅವನಿಗೆ ಹೇಳಬೇಡಿ. ಡಬ್ಬಿ ಹುಡುಕಿ.

ನಾದಿನಿ


2-10-1983

ತಕ್ಕಡಿಗೆ,

ಹೀಗೆ ಕರೆದೆನೆಂದು ಬೇಜಾರಾಗಬೇಡ. ಒಂದು ಚೂರು ಸೋಡಾ ಕೂಡ ತೂಗದೆ ಹಾಕುವವಳಲ್ಲ ಎಂದು ನಿನ್ನಣ್ಣ ನಿನಗಿಟ್ಟ ಹೆಸರು ಇದು ಎಂದು ನನಗೆ ತಿಳಿದದ್ದೇ ಈಗ. ನಿನ್ನಣ್ಣ ನಿನ್ನ ಮಾತು ತೆಗೆಯುತ್ತಾರೆ ಎಂದು ನಾನು ಜೂನಿನಲ್ಲಿ ಬರೆದದ್ದು ಸುಳ್ಳು. ಆದರೆ ಈ ಹೆಸರು ಸುಳ್ಳಲ್ಲ.

ಡಬ್ಬಿ ನಾನು ಎಸೆದಿರಲಿಲ್ಲ. ಮುಕ್ಕಾಲು ಪಾಲು ತುಂಬಿದ್ದ ಡಬ್ಬಿ, ಎಸೆಯಲು ಕೈ ಬರಲಿಲ್ಲ. ನಿನ್ನ ಪುಡಿ ಕೈಕೊಟ್ಟರೆ ಇರಲಿ ಎಂದೂ ಅನಿಸಿತ್ತು. ಕತ್ತಲೆ ಕೋಣೆಯ ಮೇಲಿನ ಹಲಗೆಯಲ್ಲಿ, ಹಳೆಯ ಕಾಗದದ ಪೆಟ್ಟಿಗೆಗಳ ಹಿಂದೆ ಇಟ್ಟಿದ್ದೆ. ನಿನ್ನ ಪತ್ರ ಓದಿ ಹೋಗಿ ನೋಡಿದರೆ ಡಬ್ಬಿ ಇದ್ದ ಜಾಗದಲ್ಲೇ ಇತ್ತು, ಒಳಗಿದ್ದದ್ದು ಮಾತ್ರ ಅರ್ಧಕ್ಕೆ ಇಳಿದಿತ್ತು. ಆದರೂ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಡಬ್ಬಿ ತೆಗೆದಿಟ್ಟರೆ ಗೊತ್ತಾಗುತ್ತದೆ, ಬಿಟ್ಟರೆ ಕೈ ಹೋಗುತ್ತದೆ. ಹೀಗೇ ದಿನಗಳು ಹೋದವು, ಅದಕ್ಕೇ ನಿನಗೂ ಬರೆಯಲಿಲ್ಲ.

ಕಳೆದ ವಾರ ಮಧ್ಯಾಹ್ನ ಕ್ಲಿಪ್ಪು ಕೊಡುವ ನೆಪದಲ್ಲಿ ಅವರ ಜೊತೆ ಒಳಗೆ ಹೋದೆ. ಬಾಗಿಲು ಹಾಕಿ ದೀಪ ಆರಿಸಿದ ಮೇಲೆ ನನ್ನ ಕೈ ನನಗೇ ಕಾಣುವುದಿಲ್ಲ. ಡೆವಲಪರ್ ಸುರಿದ ಸಪ್ಪಳ ಕೇಳಿತು. ಆಮೇಲೆ ಹಲಗೆಯ ಮೇಲೆ ಏನೋ ಸರಿದ ಹಾಗೆ, ಆಮೇಲೆ ತಗಡಿನ ಮುಚ್ಚಳವನ್ನು ಉಗುರಿನಿಂದ ಎತ್ತಿದ ಹಾಗೆ.

"ಅದನ್ನ ಹಾಕಬೇಡಿ," ಅಂದೆ.

"ನಿನಗೆ ಹ್ಯಾಗೆ ಗೊತ್ತು?" ಅಂದರು.

"ನಿಮಗೆ ಡಬ್ಬಿ ಹ್ಯಾಗೆ ಸಿಕ್ತು?"

"ಸ್ಕೂಲ್ ಫೋಟೋಗೆ ಪೇಪರ್ ತೆಗೀವಾಗ ಸಿಕ್ತು. ಅಷ್ಟೊತ್ತಿಗೆ ಎರಡು ತಿಂಗಳಿಂದ ನೀನು ಕಲೆಸ್ತಾ ಇದ್ದೆ, ಮೆಟಾಲ್ ಒಂದು ಚೂರೂ ಕಮ್ಮಿ ಆಗಿರಲಿಲ್ಲ. ಪಾಪ, ಹಾಕೋದು ಮರೀತಾಳೆ, ಅದಕ್ಕೇ ಫಿಲ್ಮ್ ಮೆತ್ತಗೆ ಬರ್ತಾ ಇದೆ ಅಂದ್ಕೊಂಡೆ. ಹೇಳಿದ್ರೆ ನೊಂದ್ಕೋತೀಯ. ಕಷ್ಟಪಟ್ಟು ಕಲ್ತಿದ್ದೀಯಲ್ಲ. ಅದಕ್ಕೇ ನಾನೇ ಒಂದೊಂದು ಚಿಟಿಕೆ, ಜೊತೆಗೆ ಚೂರು ಒಗೆಯೋ ಸೋಡಾ ಹಾಕ್ಕೋತಾ ಇದ್ದೆ."

ನನಗೆ ನಗು ಬಂತು, ಅಳುವೂ ಬಂತು. ಒಂದೇ ಬಾಟಲಿಗೆ ಇಬ್ಬರೂ ಕದ್ದು ಕೈ ಹಾಕುತ್ತಿದ್ದೆವು, ಇಬ್ಬರೂ ಇನ್ನೊಬ್ಬರಿಗೆ ನೋವಾಗಬಾರದೆಂದು. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಫೆನಿಡೋನ್, ಪೊಟ್ಟಣ, ಸ್ಪಿರಿಟ್, ನ್ಯೂಸ್ ಪೇಪರು, ಎಲ್ಲ ಹೇಳಿದೆ. ಅಷ್ಟರಲ್ಲಿ ಅವರು ಫಿಲ್ಮ್ ಬೋಗುಣಿಗೆ ಇಳಿಸಿದ್ದರು, ಎಳೆಯುವ ಸಪ್ಪಳ ಒಂದೇ ಹದದಲ್ಲಿ ನಡೆದಿತ್ತು. ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಿಮ್ಮ ತಂಗಿ ಅಂದೆ.

"ತಕ್ಕಡಿನಾ?" ಅಂದರು.

ನೀನು ಹೇಳಬೇಡಿ ಎಂದು ಬರೆದದ್ದನ್ನೂ ಹೇಳಿಬಿಟ್ಟೆ. ಉದ್ದ ತೋಳು, ಬಚ್ಚಲು, ತಣ್ಣೀರು. ಅವತ್ತು ಅವರು ಆಡಿದ ಮಾತು. ಕ್ಷಮಿಸು ಎಂದು ಕೇಳುವುದಿಲ್ಲ, ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಹೇಳುತ್ತೇನೆ. ನಾನು ಹೇಳುತ್ತಿರುವಾಗ ಸಪ್ಪಳ ನಿಂತುಹೋಯಿತು. ನಿಂತೇ ಇತ್ತು. ಕೊನೆಗೆ ಒಂದೇ ಮಾತು ಕೇಳಿದರು.

"ಯಾವ ಕೈ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆ.

ದೀಪ ಹಾಕಿದಾಗ ಫಿಲ್ಮ್ ಇನ್ನೂ ಡೆವಲಪರಿನಲ್ಲೇ ಮುಳುಗಿತ್ತು, ಆ ತುದಿಯಿಂದ ಈ ತುದಿಗೆ ಒಂದೇ ಕಪ್ಪು. ನಾನು ಕಂಡಂತೆ ಅವರು ಮರೆತ ಫಿಲ್ಮ್ ಇದೊಂದೇ. ಪಾಪ, ಆ ಗಿರಾಕಿ ಎರಡನೇ ಸಲ ಬಂದು ಕೂತ. ನಿನ್ನಣ್ಣ ಅವನಿಗೆ ಕಾರಣ ಏನೂ ಹೇಳಲಿಲ್ಲ, ಕುತ್ತಿಗೆಪಟ್ಟಿ ಮಾತ್ರ ತಾವೇ ಸರಿಮಾಡಿದರು.

ಡಬ್ಬಿಯನ್ನು ಅವರೇ ಹೊರಗೆ ಒಯ್ದು ಮಣ್ಣಿನಲ್ಲಿ ಹೂತು ಬಂದರು. ಕನ್ನಡಕದವನಿಗೆ ಜಾಗ ಇಲ್ಲ ಎಂದು ಹೇಳಿ ಕಳಿಸಿದರು. ನೀನು ಬಿಟ್ಟುಹೋದ ಸಣ್ಣ ತಕ್ಕಡಿಯನ್ನು ಅಟ್ಟದಿಂದ ಇಳಿಸಿದ್ದಾರೆ. ಅದರ ತಟ್ಟೆಗಳು ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದವು, ತುಕ್ಕು ಹಿಡಿದಿರಲಿಲ್ಲ. ಈಗ ಕಲೆಸುವಾಗ ಪಕ್ಕದಲ್ಲಿ ನಿಂತು, "ಸರಿಯಾಗಿ ತೂಗು," ಎಂದು ನನಗೇ ಹೇಳುತ್ತಾರೆ. ಹೇಗಿದ್ದಾರೆ ನೋಡು. ಕೈ ನಿಧಾನವಾಗಿ ಒಣಗುತ್ತಿದೆ.

ಕೆಳಗೆ ಅವರೇ ಎರಡು ಸಾಲು ಬರೆಯುತ್ತಾರಂತೆ. ಪೆನ್ನು ಹಿಡಿಯಲು ಇನ್ನೂ ಕಷ್ಟ, ಅಕ್ಷರ ನೋಡಿ ನಗಬೇಡ.

ನಿನ್ನ ಅತ್ತಿಗೆ

ಚಿಟಿಕೆ ನಿಲ್ಲಿಸಿದೆ. ನಿನ್ನ ಡೆವಲಪರಿನಲ್ಲಿ ಫಿಲ್ಮ್ ಎಷ್ಟು ಹೊತ್ತು ಇಡಬೇಕು? ನನ್ನ ಬೆರಳಿಗೆ ಗೊತ್ತಾಗುತ್ತಿಲ್ಲ.


7-10-1983

ಅಣ್ಣನಿಗೆ,

ಎಂಟು ನಿಮಿಷ. ನೀರು ತಣ್ಣಗಿದ್ದರೆ ಒಂಬತ್ತೂವರೆ. ಮೊದಲ ನಿಮಿಷ ಎಡೆಬಿಡದೆ ಎಳೆ, ಆಮೇಲೆ ನಿಧಾನ. ನನಗೂ ಮೊದಮೊದಲು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಒಂದು ವರ್ಷ ಗಡಿಯಾರ ನೋಡಿಯೇ ತೊಳೆದೆ. ಆಮೇಲೆ ಗೊತ್ತಾಯಿತು.

ಗುಳ್ಳೆಯ ಮೇಲೆ ಏನೂ ಹಚ್ಚಬೇಡ. ಪೂರ್ತಿ ಒಣಗುವವರೆಗೆ ಕೈಗವಸು ಹಾಕಿಕೋ, ಮಗುವಿನ ಕೆನ್ನೆ ಎಲ್ಲಿಗೂ ಓಡಿಹೋಗುವುದಿಲ್ಲ. ಪೊಟ್ಟಣಗಳನ್ನು ಇಟ್ಟಿದ್ದೇನೆ, ವರ್ಷಕ್ಕೆ ಸಾಕು. ಮುಗಿದಾಗ ಅತ್ತಿಗೆಯ ಕೈಲಿ ಬರೆಸಬೇಡ, ನೀನೇ ಬರೆ.

ಅತ್ತಿಗೆಯ ಹತ್ತಿರ ಕೇಳಿದೆಯಂತೆ. ಎರಡೂ ಕೈ. ಮೊದಲು ಬಲಗೈಗೆ ಬಂತು, ಫಿಲ್ಮ್ ಹೀಗೆ ಹಿಡಿಯಬೇಕು ಎಂದು ನೀನು ತೋರಿಸಿಕೊಟ್ಟ ಆ ಎರಡು ಬೆರಳುಗಳ ನಡುವೆ. ಈಗಲೂ ಹಾಗೆಯೇ ಹಿಡಿಯುತ್ತೇನೆ.

ತಕ್ಕಡಿ